ಶಹಾಬಾದ್ ಕಲ್ಲಿನ ಬಿಳಿ ಪದರಕ್ಕೆ ಆಸಿಡ್ ಹಾಕಬಹುದೇ?

ಪ್ರಶ್ನೆ: ನಮ್ಮ ಮನೆಯ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದೆ. ಬಚ್ಚಲಿನ ಬಾಗಿಲ ಬಳಿ, ಕೊಡಗಳನ್ನು ಇಡುವ ಜಾಗದಲ್ಲಿ ಬೋರ್‌ವೆಲ್ ನೀರಿನಿಂದ ಬಿಳಿ ಪದರ ಕಟ್ಟಿದೆ. ಆಸಿಡ್ ಹಾಕಿ ಉಜ್ಜಿದರೆ ಹೋಗುತ್ತದೆಯೇ?

ಉತ್ತರ: ಹೋಗುತ್ತದೆ, ಆದರೆ ಅದರ ಜೊತೆಗೆ ಕಲ್ಲಿನ ಮೈಯೂ ಹೋಗುತ್ತದೆ, ಆದ್ದರಿಂದ ದಯವಿಟ್ಟು ಹಾಕಬೇಡಿ. ಕಲಬುರಗಿ ಜಿಲ್ಲೆಯ ಶಹಾಬಾದ್ ಸುತ್ತಮುತ್ತ ತೆಗೆಯುವ ಈ ಕಲ್ಲು ಸುಣ್ಣಕಲ್ಲು. ಅದರ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಆ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳು ನೆಲೆಯೂರಿದ್ದೂ ಇದೇ ಸುಣ್ಣಕಲ್ಲಿನಿಂದಾಗಿ. ಗಡಸು ನೀರು ಆರಿದಾಗ ಉಳಿಯುವ ಬಿಳಿ ಪದರವೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ಕಲೆಯೂ ಕಲ್ಲೂ ಒಂದೇ ವಸ್ತುವಾಗಿರುವಾಗ ಒಂದನ್ನು ಕರಗಿಸುವ ಆಮ್ಲ ಇನ್ನೊಂದನ್ನು ಬಿಡುವುದಿಲ್ಲ. ಆಸಿಡ್ ಬಿದ್ದೊಡನೆ ಏಳುವ ನೊರೆಯನ್ನು ನೋಡಿ ಕೊಳೆ ಬಿಡುತ್ತಿದೆಯೆಂದು ಅನೇಕರು ಭಾವಿಸುತ್ತಾರೆ. ಕಲ್ಲು ಕರಗುವಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಕೂಡ ಹಾಗೆಯೇ ನೊರೆಯಾಗಿ ಕಾಣುತ್ತದೆ. ಹೀಗೆ ತಿನ್ನಿಸಿಕೊಂಡ ಮೈ ಒರಟಾಗಿ, ಮುಂದಿನ ಕೊಳೆಯನ್ನು ಇನ್ನಷ್ಟು ಬೇಗ ಹಿಡಿಯುತ್ತದೆ.

ನಿಂಬೆಹಣ್ಣು, ಹುಣಸೆಹುಳಿ, ವಿನೆಗರ್ ಮನೆಯ ಪದಾರ್ಥಗಳಾದ್ದರಿಂದ ನಿರಪಾಯ ಎನಿಸಬಹುದು, ಆದರೆ ಅವೂ ನಿಧಾನವಾಗಿ ಇದೇ ಕೆಲಸ ಮಾಡುತ್ತವೆ. ಅಮೃತಶಿಲೆಗೂ, ಅಡುಗೆಮನೆಯ ಕಟ್ಟೆಗೆ ಹಾಕುವ ಕಡಪ ಕಲ್ಲಿಗೂ ಈ ಮಾತು ಅನ್ವಯಿಸುತ್ತದೆ. ಕಡಪ ಕಲ್ಲು ಕಪ್ಪಗಿರುವುದರಿಂದ ಅದನ್ನು ಗ್ರಾನೈಟ್ ಎಂದು ತಿಳಿದು ಹುಳಿ ಹಾಕಿ ಉಜ್ಜುವವರಿದ್ದಾರೆ, ಅದೂ ಸುಣ್ಣಕಲ್ಲೇ. ಸಂದೇಹವಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು, ಐದು ನಿಮಿಷದ ನಂತರ ಒರೆಸಿ ನೋಡಿ. ಹನಿ ಬಿದ್ದಲ್ಲಿ ಹೊಳಪು ಕುಂದಿದ್ದರೆ ಆ ಕಲ್ಲಿಗೆ ಹುಳಿ ಸೋಕಿಸಬಾರದು.

ಹಾಗಾದರೆ ಪದರವನ್ನು ತೆಗೆಯುವುದು ಹೇಗೆ? ನೆಲವನ್ನು ಒದ್ದೆ ಮಾಡಿ, ನೈಲಾನ್ ಬ್ರಷ್‌ನಿಂದ ತಾಳ್ಮೆಯಿಂದ ತಿಕ್ಕಬೇಕು. ಪಾಲಿಶ್ ಮಾಡಿದ ನೆಲವಾದರೆ ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲನೆ ಕೆರೆಯಬಹುದು. ಕಬ್ಬಿಣದ ಜುಂಗು ಬೇಡ. ಅದರ ಎಳೆಗಳು ಉಳಿದು ತುಕ್ಕಿನ ಕಲೆಯಾಗುತ್ತವೆ. ಇಷ್ಟಕ್ಕೂ ಬಗ್ಗದ ದಪ್ಪ ಪದರವಿದ್ದರೆ ಕಲ್ಲು ಪಾಲಿಶ್ ಮಾಡುವವರಿಂದ ನಯವಾಗಿ ಉಜ್ಜಿಸುವುದೊಂದೇ ಸರಿಯಾದ ದಾರಿಯೆಂಬುದು ನನ್ನ ಅಭಿಪ್ರಾಯ. ಈಗಾಗಲೇ ಆಸಿಡ್ ತಂದಿಟ್ಟಿದ್ದರೆ ಬ್ಲೀಚ್‌ನೊಂದಿಗೆ ಅದನ್ನು ಎಂದೂ ಬೆರೆಸಬೇಡಿ. ಹೊರಬರುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯಕಾರಿ.

ದಿನನಿತ್ಯದ ಆರೈಕೆಯಲ್ಲಿ ಮೊದಲ ಶತ್ರು ಮರಳು. ಸುಣ್ಣಕಲ್ಲಿನ ಖನಿಜದ ಗಡಸುತನ, 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ 3, ಮರಳಿನಲ್ಲಿರುವ ಬೆಣಚುಕಲ್ಲಿನದು 7. ಕಾಲಿಗಂಟಿ ಬಂದ ಒಂದೊಂದು ಕಣವೂ ನೆಲವನ್ನು ಗೀರುತ್ತದೆ. ಆದ್ದರಿಂದ ಒರೆಸುವ ಮೊದಲು ಚೆನ್ನಾಗಿ ಗುಡಿಸಬೇಕು. ಬಕೆಟ್ ನೀರಿಗೆ ಪಾತ್ರೆ ತೊಳೆಯುವ ದ್ರವದ ನಾಲ್ಕು ಹನಿ ಸಾಕು. ಎಣ್ಣೆ ಇಳಿದ ಕಡೆ ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಟ್ಟು ತೆಗೆಯಿರಿ. ಕಲೆ ಹಳೆಯದಾಗಿದ್ದರೆ ಎರಡು ಮೂರು ಸಲ ಮಾಡಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ, ಕಲ್ಲಿಗೆ ಬಳಿಯುವ ಸೀಲರ್ ಎಂಬ ಲೇಪನವು ಎಣ್ಣೆ, ಅರಿಸಿನ ಒಳಗಿಳಿಯುವುದನ್ನು ತಡವಾಗಿಸುತ್ತದೆ, ಆದರೆ ಹುಳಿಯಿಂದ ಕಲ್ಲನ್ನು ಕಾಪಾಡುವುದಿಲ್ಲ. ಕೊಡ ಇಡುವ ಜಾಗದಲ್ಲಿ ಚೆಲ್ಲಿದ ನೀರನ್ನು ಆರಲು ಬಿಡದೆ ಒಣಬಟ್ಟೆಯಿಂದ ಒರೆಸುತ್ತ ಬಂದರೆ ಬಿಳಿ ಪದರ ಮತ್ತೆ ಕಟ್ಟುವುದಿಲ್ಲ.