ಪೊನ್ನ್ಯಂ ಗದ್ದೆಯಲ್ಲಿ ಮರೆತು ಬಂದ ಕಠಾರಿ

ಉತ್ತರ ಕೇರಳದ ತಲಶ್ಶೇರಿ ಹತ್ತಿರ ಪೊನ್ನ್ಯಂ ಎಂಬ ಊರಿದೆ. ಅಲ್ಲಿನ ಗದ್ದೆಬಯಲಿಗೆ ಏಳರಕ್ಕಂಡಂ ಎಂದು ಹೆಸರು, ಏಳೂವರೆ ಗದ್ದೆ ಅಂತ ಅರ್ಥ. ಮಲಯಾಳಿಗಳು 'ವಡಕ್ಕನ್ ಪಾಟ್ಟು' ಎಂದು ಕರೆಯುವ ಲಾವಣಿಗಳ ಪ್ರಕಾರ, ಕಡತ್ತನಾಡಿನ ವೀರ ತಚ್ಚೋಳಿ ಒದೇನನ್ ತನ್ನ ಕೊನೆಯ ಕಾಳಗ ಮಾಡಿದ್ದು ಇಲ್ಲೇ. ಎದುರಾಳಿಯಾಗಿದ್ದವರು ಕದಿರೂರು ಗುರುಕ್ಕಳ್, ಗುರುಕ್ಕಳ್ ಅಂದರೆ ಯುದ್ಧವಿದ್ಯೆಯ ಗುರು. ಗೆದ್ದ ಒದೇನನ್ ಮನೆಯ ದಾರಿ ಹಿಡಿಯುತ್ತಾನೆ. ನಡುದಾರಿಯಲ್ಲಿ ಸೊಂಟಕ್ಕೆ ಕೈ ಹೋದಾಗ ಕಠಾರಿ ಇಲ್ಲ, ಗದ್ದೆಯಲ್ಲೇ ಉಳಿದಿದೆ. ಬೇಡವೆಂದರೂ ಕೇಳದೆ ತರಲು ಹಿಂದಿರುಗುತ್ತಾನೆ. ಮರೆಯಲ್ಲಿ ಅಡಗಿದ್ದವನೊಬ್ಬ ಕೋವಿಯಿಂದ ಗುಂಡು ಹಾರಿಸುತ್ತಾನೆ. ಆಗ ಒದೇನನ್‌ಗೆ 32 ವರ್ಷ.

ನಾಟಿ ಮಾಡುತ್ತಾ ಹೆಂಗಸರು ಹಾಡಿಕೊಂಡು ಬಂದ ಹಾಡಿದು. ಕತ್ತಿ ಹಿಡಿದು ಎದುರಿಗೆ ನಿಂತವರಿಂದ ಒದೇನನ್‌ನನ್ನು ಕೊಲ್ಲಿಸಲು ಆ ಹಾಡಿಗೆ ಮನಸ್ಸು ಬರಲಿಲ್ಲ. ಮುಂದೆ ಕಳರಿಪಯಟ್ಟು ಎಂಬ ಕೇರಳದ ಯುದ್ಧವಿದ್ಯೆಗೇ ಹೆಚ್ಚುಕಡಿಮೆ ಇದೇ ಗತಿಯಾಯಿತು.

ಕಳರಿಪಯಟ್ಟು ಎಂದೊಡನೆ ಇಂದು ಕಿವಿಗೆ ಬೀಳುವ ಮಾತು ಬೇರೆ. ಮೂರು ಸಾವಿರ ವರ್ಷ ಹಳೆಯದು, ಜಗತ್ತಿನ ಎಲ್ಲ ಯುದ್ಧಕಲೆಗಳ ತಾಯಿ, ಬೋಧಿಧರ್ಮ ಇದನ್ನೇ ಚೀನಾಕ್ಕೆ ಒಯ್ದು ಕುಂಗ್‌ಫು ಹುಟ್ಟಿಸಿದ ಎನ್ನುತ್ತಾರೆ. ಈ ಮಾತುಗಳಿಗೆ ಆಧಾರ ತೀರಾ ತೆಳು. ನನಗೆ ಬೇಸರವಾಗುವುದು ಉತ್ಪ್ರೇಕ್ಷೆಗಲ್ಲ. ನಿಜವಾಗಿ ನಡೆದದ್ದು ಇದಕ್ಕಿಂತ ದೊಡ್ಡದು, ಅದು ಈ ಸದ್ದಿನಲ್ಲಿ ಮುಚ್ಚಿಹೋಗುತ್ತಿದೆ ಎನ್ನುವುದಕ್ಕೆ. ಆಯುಧ ಹಿಡಿಯುವುದೇ ಅಪರಾಧವಾಗಿ ನೂರು ವರ್ಷ ದಾಟಿದ ಮೇಲೆ, ಬೆರಳೆಣಿಕೆಯ ಜನ ಊರೂರು ತಿರುಗಿ ಚೂರುಗಳನ್ನು ಆಯ್ದು ಈ ವಿದ್ಯೆಯನ್ನು ಮತ್ತೆ ಕಟ್ಟಿದರು.

ಮೊದಲು ಆ ಜಾಗ ನೋಡೋಣ. 'ಕಳರಿ' ಅಂದರೆ ಅಭ್ಯಾಸದ ಕಣ, 'ಪಯಟ್ಟು' ಅಂದರೆ ಸಾಮು. ನಮ್ಮ ಗರಡಿ, ಮಲಯಾಳದ ಕಳರಿ, ಸಂಸ್ಕೃತದ ಖಲೂರಿಕಾ ಈ ಮೂರೂ ಒಂದೇ ಬೇರಿನವು ಎನ್ನುವುದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಕೋಟಿ ಚೆನ್ನಯರ ಗರಡಿ ಕಂಡವರಿಗೆ ಈ ನಂಟು ವಿವರಿಸಬೇಕಾಗಿಲ್ಲ. ಉತ್ತರದ ಸಂಪ್ರದಾಯಗಳನ್ನು ಎಣಿಸುವಾಗ ಮಲಯಾಳಿಗಳು 'ತುಳುನಾಡನ್' ಎಂದೇ ಒಂದನ್ನು ಹೆಸರಿಸುತ್ತಾರೆ.

ಉತ್ತರ ಶೈಲಿಯ ಕಳರಿ ನೆಲದ ಮೇಲಿನ ಕಟ್ಟಡವಲ್ಲ, ನೆಲ ತೋಡಿ ಮಾಡಿದ ಗುಂಡಿ. 42 ಅಡಿ ಉದ್ದ, 21 ಅಡಿ ಅಗಲ, ಮೇಲೆ ತೆಂಗಿನ ಗರಿಯ ಮಾಡು. ಬಾಗಿಲು ಪೂರ್ವಕ್ಕೆ. ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲಿನ ಪೂತ್ತರ, ಅದು ಕಳರಿಯ ದೈವದ ಸ್ಥಾನ. ಒಳಗೆ ಇಳಿಯುವವರು ಬಲಗಾಲು ಮುಂದಿಟ್ಟು, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು, ಪೂತ್ತರಕ್ಕೆ ನಮಿಸಿ, ಗುರುವಿನ ಕಾಲು ಮುಟ್ಟುತ್ತಾರೆ. ಸೊಂಟಕ್ಕೆ ಕಚ್ಚೆ ಬಿಗಿದು ಮೈಗೆಲ್ಲ ಎಣ್ಣೆ ಹಚ್ಚಿಕೊಂಡ ಮೇಲೆ 'ವಾಯ್ತಾರಿ' ಶುರು, ಎಂದರೆ ಗುರು ಬಾಯಲ್ಲಿ ಹೇಳುವ ಅಪ್ಪಣೆಗಳ ಸರಣಿ. ವಲತ್ತು, ಇಡತ್ತು, ಅಮರ್ನ್ನು... ಬಲ, ಎಡ, ತಗ್ಗಿ ಕೂತು. ಹೇಳುವ ದನಿ ಒಮ್ಮೆ ಎಳೆಯುತ್ತದೆ, ಒಮ್ಮೆ ಕಡಿಯುತ್ತದೆ, ಮೈ ಅದರ ಹಿಂದೆಯೇ ಹೋಗಬೇಕು. ಆನೆ, ಸಿಂಹ, ಹಂದಿ, ಹಾವು, ಹುಂಜಗಳ ಹೆಸರಿನ ಭಂಗಿಗಳಿವೆ, ಅವಕ್ಕೆ ವಡಿವು ಎನ್ನುತ್ತಾರೆ. ಮೈ ಹದವಾಗುವವರೆಗೆ ಕೈಗೆ ಕೋಲು ಸಿಗುವುದಿಲ್ಲ. ಕೋಲಿನಲ್ಲೂ ಉದ್ದನೆಯದು ಮೊದಲು, ಆಮೇಲೆ ಮೂರು ಗೇಣಿನ ಮುಚ್ಚಾಣ್, ನಂತರ ಆನೆ ಸೊಂಡಿಲಿನಂತೆ ಬಾಗಿದ ಒಟ್ಟ. ಕತ್ತಿ-ಗುರಾಣಿ, ಸುರುಳಿ ಕತ್ತಿ ಉರುಮಿ, ಕೊನೆಗೆ ಬರಿಗೈ. ನಾವು 'ಮೈಯೆಲ್ಲ ಕಣ್ಣಾಗಿ' ಅನ್ನುತ್ತೇವಲ್ಲ, ಅಲ್ಲಿಯ ಗುರುಗಳು ಶಿಷ್ಯರಿಂದ ಬಯಸುವುದೂ ಇದೇ ಮಾತನ್ನು: ಮೆಯ್ ಕಣ್ಣಾಗಬೇಕು.

ಈ ವಿದ್ಯೆ ಯಾರದಾಗಿತ್ತು? ನಾಯರ್ ಹುಡುಗರನ್ನು ಏಳನೇ ವಯಸ್ಸಿಗೇ ಕಳರಿಗೆ ಕಳಿಸುತ್ತಿದ್ದರೆಂದು 16ನೇ ಶತಮಾನದ ಆರಂಭದಲ್ಲಿ ಮಲಬಾರಿನಲ್ಲಿದ್ದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ ಬರೆದಿದ್ದಾನೆ. ಆದರೆ ಅದು ನಾಯರ್‌ಗಳ ಸೊತ್ತಷ್ಟೇ ಆಗಿರಲಿಲ್ಲ. ಲಾವಣಿಗಳ ದೊಡ್ಡ ಮನೆತನ ಪುತ್ತೂರಂ ತೀಯ ಸಮುದಾಯದ್ದು. ಕ್ರೈಸ್ತ ಪಣಿಕ್ಕರ್‌ಗಳೂ (ಅದೂ ಗುರುವಿನ ಬಿರುದೇ) ಮುಸ್ಲಿಂ ಗುರುಕ್ಕಳ್‌ಗಳೂ ಇದ್ದರು. ಹೆಣ್ಣುಮಕ್ಕಳೂ ಕಲಿಯುತ್ತಿದ್ದರು. ಉರುಮಿ ಹಿಡಿದು ಪುಂಡರನ್ನು ಎದುರಿಸಿದ ಉಣ್ಣಿಯಾರ್ಚ ಪುತ್ತೂರಂ ಮನೆಯ ಮಗಳು.

ಆ ಮನೆಯ ಗಂಡಸರ ಕಸುಬು 'ಅಂಕ'. ತುಳುನಾಡಿನ ಕೋಳಿ ಅಂಕ ಗೊತ್ತಿರುವ ನಮಗೆ, ಹಳಗನ್ನಡದ ಅಂಕಕಾರ ಗೊತ್ತಿರುವ ನಮಗೆ, ಪದ ಹೊಸದಲ್ಲ. ಹಿರಿತನಕ್ಕಾಗಿ ಉಣ್ಣಿಕ್ಕೋನಾರ್ ಮತ್ತು ಉಣ್ಣಿಚಂದ್ರೋರ್ ಜಗಳವಾಡುತ್ತಾರೆ, ಪಂಚಾಯಿತಿಯಲ್ಲಿ ತೀರುವುದಿಲ್ಲ. ಆಗ ಇಬ್ಬರೂ ಹಣ ಕೊಟ್ಟು ತಮ್ಮ ಪರವಾಗಿ ಒಬ್ಬೊಬ್ಬ ಚೇಗವರನ್ನು, ಎಂದರೆ ಕಾದಾಡುವ ವೀರನನ್ನು, ಕಣಕ್ಕಿಳಿಸುತ್ತಾರೆ. ಗೆದ್ದವನ ಕಡೆಯವರ ವಾದ ಗೆದ್ದಂತೆ. ಪುತ್ತೂರಂನ ಆರೋಮಲ್ ಚೇಗವರ್ ಹೋಗುವುದು ಇಂಥ ಅಂಕಕ್ಕೆ. ಅವನ ಕತ್ತಿ ಮುರಿಯುತ್ತದೆ, ಸೋದರಸಂಬಂಧಿ ಚಂದು ಕಬ್ಬಿಣದ ಮೊಳೆ ತೆಗೆಸಿ ಮರದ ಮೊಳೆ ಹೊಡೆಸಿದ್ದನಂತೆ. ಮುರಿದ ತುಂಡಿನಲ್ಲೇ ಎದುರಾಳಿ ಅರಿಂಗೋಡರನ್ನು ಕೊಂದು ಬಳಲಿ ಮಲಗಿದವನನ್ನು ಅದೇ ಚಂದು ದೀಪದ ಕಂಬದಿಂದ ತಿವಿಯುತ್ತಾನೆ. ಜಮೀನ್ದಾರರಿಬ್ಬರ ವ್ಯಾಜ್ಯಕ್ಕೆ ಬೇರೆಯ ಮನೆಯ ಮಕ್ಕಳು ಸತ್ತರು. ಈ ವೀರಗಾಥೆಗಳನ್ನು ಕೊಂಡಾಡುವಾಗ ಇದನ್ನೂ ನೆನಪಿಡಬೇಕು.

ಇಂಥ ಯುದ್ಧಕ್ಕೆ ನಿಜವಾದ ಪೆಟ್ಟು ಬಿದ್ದದ್ದು 18ನೇ ಶತಮಾನದಲ್ಲಿ. 1741ರಲ್ಲಿ ಕೊಳಚ್ಚಲ್‌ನಲ್ಲಿ ಡಚ್ಚರನ್ನು ಸೋಲಿಸಿದ ತಿರುವಾಂಕೂರಿನ ಮಾರ್ತಾಂಡವರ್ಮ, ಸೆರೆ ಸಿಕ್ಕ ಡಚ್ ಅಧಿಕಾರಿ ಡಿ ಲನ್ನಾಯ್‌ನಿಂದಲೇ ತನ್ನ ಸೈನ್ಯಕ್ಕೆ ಯುರೋಪಿನ ಕವಾಯತು ಕಲಿಸಿದ. 1766ರಲ್ಲಿ ಮೈಸೂರಿನಿಂದ ಹೈದರಾಲಿ ಮಲಬಾರಿಗೆ ಇಳಿದಾಗ, ಊರೂರಿನ ಕಳರಿಗಳಲ್ಲಿ ಪಳಗಿದವರು ಎದುರಿಸಬೇಕಾಗಿ ಬಂದದ್ದು ಕೋವಿ, ಫಿರಂಗಿ, ಕುದುರೆ ದಂಡು ಒಟ್ಟಾಗಿದ್ದ ಸೈನ್ಯವನ್ನು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಮಲಬಾರನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ.

ಕಂಪನಿಯ ವಿರುದ್ಧ ಪಳಶ್ಶಿರಾಜ ವಯನಾಡಿನ ಕಾಡಿನಲ್ಲಿ ವರ್ಷಗಟ್ಟಲೆ ಹೋರಾಡಿ 1805ರ ನವೆಂಬರ್ 30ರಂದು ಮಡಿದ. ಆ ಹೋರಾಟ ನಡೆಯುತ್ತಿದ್ದಾಗಲೇ, 1804ರಲ್ಲಿ, ಆಯುಧ ಬಚ್ಚಿಟ್ಟವರನ್ನೂ ಹಿಡಿದು ತಿರುಗುವವರನ್ನೂ ಶಿಕ್ಷಿಸುವ ಆದೇಶ ಬಂತು. ದಕ್ಷಿಣದಲ್ಲಿ ವೇಲುತಂಬಿಯ ದಂಗೆ 1809ರಲ್ಲಿ ಮುಗಿದ ಮೇಲೆ ನಾಯರ್ ಪಡೆಗಳನ್ನೂ ವಿಸರ್ಜಿಸಲಾಯಿತು. 1854ರಲ್ಲಿ ಮಲಬಾರಿನ ಯುದ್ಧಕತ್ತಿಗಳನ್ನು ನಿಷೇಧಿಸಲೆಂದೇ ಒಂದು ಕಾನೂನು ಬಂತು. ಕಾಲಾಳುಗಳ ಕೆಲಸ ಹೋಯಿತು, ಅವರನ್ನು ತಯಾರಿಸುತ್ತಿದ್ದ ಕಳರಿಗಳ ಮಾಡು ಕುಸಿಯಿತು.

ಪೂರ್ತಿ ಸಾಯಲಿಲ್ಲ ಏಕೆಂದರೆ ಗುರುಕ್ಕಳ್ ಬರೀ ಕತ್ತಿ ಕಲಿಸುವವನಾಗಿರಲಿಲ್ಲ. ಎಲ್ಲಿ ಹೊಡೆದರೆ ಮನುಷ್ಯ ಬೀಳುತ್ತಾನೆಂದು ಬಲ್ಲವನಿಗೆ, ಬಿದ್ದವನನ್ನು ಹೇಗೆ ಏಳಿಸಬೇಕೆಂದೂ ಗೊತ್ತಿರಬೇಕಿತ್ತು. ಮರ್ಮ ಚಿಕಿತ್ಸೆ, ಮುರಿದ ಎಲುಬು ಕಟ್ಟುವುದು, ಹಗ್ಗ ಹಿಡಿದು ಜೋತು ಕಾಲಿನಿಂದಲೇ ಮೈ ತಿಕ್ಕುವ ಚವಿಟ್ಟಿ ಉಳಿಚ್ಚಿಲ್ ಇವನ್ನು ಯಾವ ಸರ್ಕಾರವೂ ನಿಷೇಧಿಸಲಿಲ್ಲ. ಗಿಡದಿಂದ ಬಿದ್ದವರು, ಸೊಂಟ ಹಿಡಿದವರು ಬರುತ್ತಲೇ ಇದ್ದರು. ಕಥಕಳಿಯವರು ಕಳರಿಯ ಮೈಪಳಗಿಸುವ ಕ್ರಮವನ್ನೂ ಎಣ್ಣೆ ತಿಕ್ಕುವಿಕೆಯನ್ನೂ ತಮ್ಮ ಶಿಕ್ಷಣಕ್ಕೆ ಒಗ್ಗಿಸಿಕೊಂಡಿದ್ದರು. ನಮ್ಮ ಭೂತಕೋಲವನ್ನು ಹೋಲುವ ತೆಯ್ಯಂ ಕಣ್ಣೂರಿನ ಬನಗಳಲ್ಲಿ ಕತ್ತಿ-ಗುರಾಣಿಯ ವರಸೆಯನ್ನು ಬಿಡದೆ ಹಿಡಿದಿತ್ತು. ಕದಿವನೂರ್ ವೀರನ್ ತೆಯ್ಯದ ಕಥೆಯಂತೂ ನಮ್ಮ ಕೊಡಗಿನದೇ. ಮಾಂಗಾಡಿನ ಮಂದಪ್ಪನ್ ಚೇಗವರ್ ಮನೆ ಬಿಟ್ಟು ಕೊಡಗಿನ ಬೆಟ್ಟ ಹತ್ತುತ್ತಾನೆ, ಚೆಮ್ಮರತ್ತಿಯನ್ನು ಮದುವೆಯಾಗುತ್ತಾನೆ, ಕೊಡಗರೊಂದಿಗಿನ ಕಾಳಗದಲ್ಲಿ ಸಾಯುತ್ತಾನೆ. ಆ ತೆಯ್ಯ ಕಟ್ಟುವವನಿಗೆ ಇಂದಿಗೂ ಕಳರಿಯ ಪಳಗಿಕೆ ಬೇಕು.

ಚೂರುಗಳನ್ನು ಕೂಡಿಸಿದವರಲ್ಲಿ ಮೊದಲ ಹೆಸರು ಕೋಟ್ಟಕ್ಕಲ್ ಕಣಾರನ್ ಗುರುಕ್ಕಳ್ (1850–1935). ಒಂದೊಂದು ಕಡೆ ಒಂದೊಂದು ಪಟ್ಟು ಉಳಿದಿದ್ದ ಕಾಲದಲ್ಲಿ ಬೇರೆ ಬೇರೆ ಗುರುಗಳನ್ನು ಹುಡುಕಿ ಕಲಿತವರು ಅವರು. ಅವರ ಶಿಷ್ಯ ತಲಶ್ಶೇರಿಯ ಸಿ.ವಿ. ನಾರಾಯಣನ್ ನಾಯರ್ ಕತ್ತಲ ಗುಂಡಿಯಲ್ಲಿದ್ದ ವಿದ್ಯೆಯನ್ನು ವೇದಿಕೆಗೆ ತಂದು ಊರೂರಲ್ಲಿ ಪ್ರದರ್ಶನ ಕೊಟ್ಟರು. ಆಯುಧ ಎತ್ತುವುದನ್ನೇ ಮರೆತಿದ್ದ ಸಮಾಜಕ್ಕೆ ರಾಷ್ಟ್ರೀಯ ಚಳವಳಿಯ ದಿನಗಳಲ್ಲಿ ಅದು ಏನೆನಿಸಿರಬಹುದು! 1944ರಲ್ಲಿ, ನಲವತ್ತು ತುಂಬುವ ಮುಂಚೆಯೇ, ಅವರು ತೀರಿಕೊಂಡರು. ಇಂದು ಸಿವಿಎನ್ ಕಳರಿ ಎಂಬ ಹೆಸರು ಕಾಣುವ ಕಡೆಯಲ್ಲೆಲ್ಲ ಇರುವುದು ಅವರ ಹೆಸರಿನ ಅಕ್ಷರಗಳೇ. ಮಗ ಗೋವಿಂದನ್‌ಕುಟ್ಟಿ ನಾಯರ್ 1956ರಲ್ಲಿ ತಿರುವನಂತಪುರದಲ್ಲಿ ಕಳರಿ ತೆರೆದರು. ಅದೇ ಕಾಲದಲ್ಲಿ ಚಿರಕ್ಕಲ್ ಟಿ. ಶ್ರೀಧರನ್ ನಾಯರ್ ಬಾಯಿಪಾಠವಾಗಿದ್ದ ವಾಯ್ತಾರಿಗಳನ್ನು ಮಲಯಾಳಂ ಪುಸ್ತಕಗಳಲ್ಲಿ ಅಚ್ಚು ಹಾಕಿಸಿದರು. ಅವರ ಮಗ ಎಸ್.ಆರ್.ಡಿ. ಪ್ರಸಾದ್ ಗುರುಕ್ಕಳ್‌ಗೆ 2023ರಲ್ಲಿ ಪದ್ಮಶ್ರೀ ಬಂತು.

ಇಷ್ಟೆಲ್ಲ ಇರುವಾಗ ಬೋಧಿಧರ್ಮ ಏಕೆ ಬೇಕು? ಅವನನ್ನು ಹೆಸರಿಸುವ ಅತಿ ಹಳೆಯ ಚೀನೀ ದಾಖಲೆ 547ರ ಸುಮಾರಿನದು, ಅದರಲ್ಲಿ ಅವನು ಪಶ್ಚಿಮ ದೇಶದ ಪರ್ಷಿಯನ್. ದಕ್ಷಿಣ ಭಾರತದವನೆನ್ನುವ ದಾಖಲೆಯೂ ಇದೆ, ಆದರೆ ಅದರಲ್ಲಿ ಸಾಮಿನ ಮಾತಿಲ್ಲ. ಅವನು ವ್ಯಾಯಾಮ ಕಲಿಸಿದನೆಂಬ ಕಥೆಗೆ ಮೂಲವಾದ 'ಯಿಜಿನ್ ಜಿಂಗ್' ಎಂಬ ಗ್ರಂಥ 17ನೇ ಶತಮಾನದ್ದು. ಕೇರಳದ ಕಡೆಯಿಂದಲೂ ಇದಕ್ಕೆ ಹಳೆಯ ಸಾಕ್ಷ್ಯವಿಲ್ಲ. ಕಣಾರನ್ ಗುರುಕ್ಕಳ್ ಹೆಸರು ಗೊತ್ತಿಲ್ಲದವರಿಗೂ ಬೋಧಿಧರ್ಮ ಗೊತ್ತಿರುವುದು ನನಗೆ ನೋವಿನ ಸಂಗತಿ.

ಈಗಿನ ತಕರಾರು ಕ್ರೀಡೆಯದು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಕಳರಿಪಯಟ್ಟನ್ನು ಖೇಲೋ ಇಂಡಿಯಾ ಯುವ ಕ್ರೀಡಾಕೂಟಕ್ಕೆ ಸೇರಿಸಿತು. 2023ರ ಗೋವಾ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅದಕ್ಕೆ ಪದಕಗಳಿದ್ದವು, 2025ರಲ್ಲಿ ಉತ್ತರಾಖಂಡದಲ್ಲಿ ಬರೀ ಪ್ರದರ್ಶನ ಎಂದಾಗ ಕೇರಳದಲ್ಲಿ ಪ್ರತಿಭಟನೆ ಎದ್ದಿತು. ಪದಕವಿದ್ದರೆ ಮಕ್ಕಳು ಬರುತ್ತಾರೆ ಎನ್ನುವ ಗುರುಗಳ ಮಾತನ್ನು ತಳ್ಳಿಹಾಕಲಾಗದು. ಆದರೆ ಎತ್ತರಕ್ಕೆ ಒದೆಯುವುದಕ್ಕೆ ಅಂಕ ಕೊಡಬಹುದು, ಉಳುಕಿದ ಕಾಲು ಸರಿಪಡಿಸುವುದಕ್ಕೆ ಕೊಡುವುದು ಹೇಗೆ? ಕಷ್ಟಕಾಲದಲ್ಲಿ ವಿದ್ಯೆಯನ್ನು ಉಳಿಸಿದ ಭಾಗವೇ ಸ್ಪರ್ಧೆಯ ಹೊರಗೆ ಉಳಿಯುತ್ತಿದೆ.

ವಡಗರದಲ್ಲಿ ರಾಘವನ್ ಗುರುಕ್ಕಳ್ 1949ರಲ್ಲಿ ಕಟ್ಟಿದ ಕಡತ್ತನಾಡನ್ ಕಳರಿ ಸಂಘವಿದೆ. ಅವರ ಹೆಂಡತಿ, ಶಿಷ್ಯೆ ಮೀನಾಕ್ಷಿಯಮ್ಮ ಏಳನೇ ವಯಸ್ಸಿಗೆ ಕಳರಿಗೆ ಇಳಿದವರು, ಗಂಡ ತೀರಿಕೊಂಡ ಮೇಲೆ ತಾವೇ ಗುರುಕ್ಕಳ್ ಆದರು, 2017ರಲ್ಲಿ ಪದ್ಮಶ್ರೀ ಪಡೆದರು. ಮೈನೆರೆದ ಮೇಲೆ ಹೆಣ್ಣುಮಕ್ಕಳನ್ನು ಬಿಡಿಸಿಬಿಡುವ ರೂಢಿ ಅಲ್ಲಿಲ್ಲ. ಶುಲ್ಕವಿಲ್ಲ, ಶಿಷ್ಯರು ಕೊಟ್ಟಷ್ಟು ಗುರುದಕ್ಷಿಣೆ. ಪಾಠ ಹಳೆಯ ಪದ್ಧತಿಯಂತೆ ಮಳೆಗಾಲದಲ್ಲೇ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹೊರಗೆ ಮಳೆ ಹಿಡಿದಾಗ ಮೈ ಬೇಗ ಬಾಗುತ್ತದೆ, ಎಣ್ಣೆ ಚೆನ್ನಾಗಿ ಇಳಿಯುತ್ತದೆ ಎನ್ನುತ್ತಾರೆ.