ಓದುಗರ ಪ್ರಶ್ನೆ: ಫ್ಲೈಟ್ ಸಿಮ್ಯುಲೇಟರ್‌ಗೆ ಒಂದು ಗಟ್ಟಿ ಕಂಪ್ಯೂಟರ್ ಸಾಲದಾ?

ಪದೇ ಪದೇ ಬರುವ ಪ್ರಶ್ನೆ ಇದು. ಈಗ ಮನೆಯ ಪಿಸಿಯಲ್ಲೇ ಇಷ್ಟು ಚೆಂದದ ವಿಮಾನ ಹಾರುತ್ತದೆ, ಹಾಗಿದ್ದ ಮೇಲೆ ಪೈಲಟ್‌ಗಳ ತರಬೇತಿ ಸಿಮ್ಯುಲೇಟರ್ ಹಿಂದೆ ಸಾಲುಗಟ್ಟಿ ಕಂಪ್ಯೂಟರ್ ಯಾಕೆ?

ಒಂದರ ಶಕ್ತಿ ಸಾಲದು ಅಂತ ಮಾತ್ರ ಅಲ್ಲ. ಒಂದೊಂದು ಕೆಲಸದ ಓಟವೇ ಬೇರೆ. ವಿಮಾನ ತಿರುಗಿಸುವ ಸ್ಟಿಕ್ ಹಿಡಿದ ಕೈಗೆ ನಿಜವಾದ ಬಿಗಿ ಗೊತ್ತಾಗಬೇಕಾದರೆ ಅದರ ಮೋಟರನ್ನು ಸೆಕೆಂಡಿಗೆ ಸಾವಿರದಷ್ಟು ಸಲ ತಿದ್ದುತ್ತಿರಬೇಕು. ಫ್ಲೈಟ್‌ಗೇರ್ ಅನ್ನೋ ಉಚಿತ ಸಿಮ್ಯುಲೇಟರ್‌ನಲ್ಲಿ ಹಾರಾಟದ ಲೆಕ್ಕ ಹಾಕುವ ಜೆಎಸ್‌ಬಿಸಿಮ್ ಸಾಮಾನ್ಯವಾಗಿ 120 ಸಲ ಓಡುತ್ತದೆ. ಚಿತ್ರಕ್ಕೆ 60 ಸಾಕು. ಎಲ್ಲವನ್ನೂ ಒಂದೇ ಲೂಪಿಗೆ, ಅಂದರೆ ಒಂದರ ಹಿಂದೆ ಒಂದು ಕೆಲಸ ಸುತ್ತುವ ಸರದಿಗೆ, ತುರುಕಿದರೆ, ಹೊಸ ಊರಿನ ನೆಲವನ್ನು ಡಿಸ್ಕ್‌ನಿಂದ ಎಳೆಯುವಾಗ ಚಿತ್ರ ಒಂಚೂರು ತಡವರಿಸಿದರೂ ಸಾಕು, ಸ್ಟಿಕ್ ಕೂಡ ಕೈಯಲ್ಲೇ ಮರಗಟ್ಟುತ್ತದೆ.

ಸರಿ, ಬೇರೆ ಬೇರೆ ಮಾಡಿದಿರಿ. ಅಸಲಿ ತಲೆನೋವು ಈಗ ಶುರು: ವಿಮಾನ ಈ ಕ್ಷಣ ಎಲ್ಲಿದೆ ಅಂತ ಹೇಳೋರು ಯಾರು? ಒಬ್ಬರೇ ಹೇಳಬೇಕು, ಉಳಿದವರು ಕೇಳಬೇಕು. ಫ್ಲೈಟ್‌ಗೇರ್‌ನಲ್ಲಿ ಮೂರು ಪರದೆಗೆ ಮೂರು ಪಿಸಿ ಇಟ್ಟರೆ ಲೆಕ್ಕ ಹಾಕೋದು ಒಂದೇ. ಉಳಿದ ಎರಡಕ್ಕೆ ಹಾರಾಟದ ಲೆಕ್ಕ ಹೊರಗಿನಿಂದ ಬರುತ್ತದೆ ಅಂತ ಹೇಳಿಬಿಡುತ್ತೇವೆ, ಅವು ಯುಡಿಪಿಯಲ್ಲಿ (ತಲುಪಿತಾ ಅಂತ ಕಾಯದೆ ನೆಟ್‌ವರ್ಕ್‌ನಲ್ಲಿ ಡೇಟಾ ಕಳಿಸುವ ವಿಧಾನ) ಬಂದ ಸ್ಥಾನವನ್ನು ನೋಡಿ ಸುಮ್ನೆ ಚಿತ್ರ ಬಿಡಿಸುತ್ತವೆ. ದಾರಿಯಲ್ಲಿ ಒಂದು ಪ್ಯಾಕೆಟ್ (ಡೇಟಾದ ತುಣುಕು) ಕಳೆದುಹೋದರೆ ಮತ್ತೆ ಕೇಳುವುದಿಲ್ಲ. ಅದು ಬರುವಷ್ಟರಲ್ಲಿ ಹಳಸಿರುತ್ತದೆ, ಅಲ್ವಾ?

ಪರದೆಗಳು ಒಟ್ಟಿಗೆ ಬದಲಾಗಬೇಕು, ಅದೂ ಮುಖ್ಯ. ವಿಮಾನ ಸೆಕೆಂಡಿಗೆ 60 ಡಿಗ್ರಿ ವಾಲುತ್ತಿದ್ದಾಗ ಒಂದು ಪರದೆ ಒಂದೇ ಫ್ರೇಮ್ (ಸೆಕೆಂಡಿನ ಅರವತ್ತನೇ ಒಂದು ಭಾಗ) ಹಿಂದೆ ಬಿದ್ದರೂ, ಎರಡು ಪರದೆ ಸೇರುವಲ್ಲಿ ದಿಗಂತದ ಗೆರೆ 1 ಡಿಗ್ರಿ ಮುರಿದು ಕಾಣುತ್ತದೆ. ಕಣ್ಣಿಗೆ ತಕ್ಷಣ ಸಿಗುತ್ತದೆ ಅದು.

ನನಗೆ ಎಲ್ಲಕ್ಕಿಂತ ಮಜಾ ಅನಿಸುವುದು ಚಕ್ರದ ಕಥೆ. ಚಕ್ರ ನೆಲ ಮುಟ್ಟಿತಾ ಅಂತ ತಿಳಿಯಬೇಕಾದದ್ದು ಲೆಕ್ಕದ ಕಂಪ್ಯೂಟರ್‌ಗೆ, ಆದರೆ ಪೈಲಟ್ ನೋಡುತ್ತಿರುವ ನೆಲದ ಎತ್ತರ ಗೊತ್ತಿರುವುದು ಚಿತ್ರದ ಕಂಪ್ಯೂಟರ್‌ಗೆ. ಇಬ್ಬರ ನಕ್ಷೆ ಸ್ವಲ್ಪ ಬೇರೆಯಾದರೂ ವಿಮಾನ ರನ್‌ವೇಯಲ್ಲಿ ಹೂತ ಹಾಗೋ, ಒಂದಡಿ ಮೇಲೆ ತೇಲಿದ ಹಾಗೋ ಕಾಣುತ್ತದೆ. ಅದಕ್ಕೇ ಈ ಎರಡು ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಸಿಐಜಿಐ (CIGI) ಅನ್ನೋ ಇಂಟರ್‌ಫೇಸ್‌ನಲ್ಲಿ 'ಈ ಜಾಗದಲ್ಲಿ ನೆಲ ಎಷ್ಟು ಎತ್ತರ?' ಅಂತ ಕೇಳಲೆಂದೇ ಬೇರೆ ಪ್ಯಾಕೆಟ್ ಇದೆ.

ಬೇರೆ ಬೇರೆ ಸಿಮ್ಯುಲೇಟರ್‌ಗಳನ್ನೇ ಜೋಡಿಸುವಾಗ ಆಟ ಇನ್ನೊಂದು. 1980ರ ದಶಕದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ, ಸಿಮ್‌ನೆಟ್ ಅಂತ ಯುದ್ಧ ಟ್ಯಾಂಕ್ ಸಿಮ್ಯುಲೇಟರ್‌ಗಳ ಜಾಲ ಕಟ್ಟಿತು. ಪ್ರತಿ ಫ್ರೇಮಿಗೂ ಸ್ಥಾನ ಕಳಿಸಿದರೆ ಆಗಿನ ನೆಟ್‌ವರ್ಕ್ ಉಸಿರುಗಟ್ಟುತ್ತಿತ್ತು. ಹಾಗಾಗಿ ಎಲ್ಲರೂ ಹಳೇ ವೇಗ, ದಿಕ್ಕು ನೋಡಿ ಎದುರಿನವರ ಜಾಗ ಊಹಿಸುತ್ತಿದ್ದರು. ನಿಜಕ್ಕೂ ಊಹೆಗೂ ಅಂತರ ಜಾಸ್ತಿಯಾದಾಗ ಮಾತ್ರ ಹೊಸ ಸುದ್ದಿ. ಊಹೆ ಇಲ್ಲದೆ ಕೂತರೆ, 240 ನಾಟ್ ವೇಗದ ವಿಮಾನ 100 ಮಿಲಿಸೆಕೆಂಡ್‌ನಲ್ಲಿ ಸುಮಾರು 12 ಮೀಟರ್ ಮುಂದೆ ಹೋಗಿರುತ್ತದೆ.

ಮನೆಯಲ್ಲಿ ಎರಡು ಹಳೇ ಪಿಸಿ ಇದ್ದರೆ ಫ್ಲೈಟ್‌ಗೇರ್‌ನಲ್ಲೇ ಮಾಡಿ ನೋಡಿ. ಆದರೆ ವೈಫೈ ಬೇಡ, ಕೇಬಲ್ ಹಾಕಿ. ವೈಫೈನಲ್ಲಿ ಪ್ಯಾಕೆಟ್‌ಗಳು ಒಮ್ಮೆ ಗುಂಪಾಗಿ, ಒಮ್ಮೆ ತಡವಾಗಿ ಬರುತ್ತವೆ, ಪಕ್ಕದ ಪರದೆಯ ಬೆಟ್ಟಗಳು ಕುಂಟುತ್ತಾ ಓಡುತ್ತವೆ. ಅರ್ಧ ಗಂಟೆ ನೋಡಿದ್ದಕ್ಕೇ ನನಗೆ ಹೊಟ್ಟೆ ತೊಳಸಿತ್ತು.