ಬೆವರಿದ ಕುದುರೆಗೆ ಬಾಯಾರುವುದಿಲ್ಲ ಏಕೆ?

ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ಬೆಟ್ಟಸಾಲಿನಲ್ಲಿ ಐದಾರು ದಿನ ಕುದುರೆ ಸವಾರಿ ಹೊರಡುವವರು ನೀರಿನ ತೊಟ್ಟಿ ಎಲ್ಲೆಲ್ಲಿದೆ ಎಂದು ನೋಡಿಕೊಂಡೇ ದಾರಿ ಗೊತ್ತು ಮಾಡಬೇಕು. ಅಲ್ಲಿನ ಹಳ್ಳಗಳು ವರ್ಷದ ಬಹುಪಾಲು ಬರೀ ಮರಳು. ದನ, ಕುರಿಗಳಿಗೆಂದು ಕೊಳವೆಬಾವಿಯಿಂದ ಎತ್ತಿ ತುಂಬಿಸಿದ ನೀರೇ ಗತಿ. ನಡಿಗೆಯಲ್ಲಿ ಕುದುರೆ ಗಂಟೆಗೆ ಸುಮಾರು 6 ಕಿ.ಮೀ. ಸಾಗುತ್ತದೆ, ದಿನಕ್ಕೆ 25 ಕಿ.ಮೀ. ಧಾರಾಳವಾಯಿತು.

450 ಕೆ.ಜಿ. ತೂಕದ ಕುದುರೆಗೆ ಸುಮ್ಮನೆ ನಿಂತಿದ್ದರೂ ದಿನಕ್ಕೆ ಸುಮಾರು 25 ಲೀಟರ್ ನೀರು ಬೇಕು, ಬಿಸಿಲಲ್ಲಿ ದುಡಿದರೆ ಅದರ ದುಪ್ಪಟ್ಟು. ಆದರೂ ತೊಟ್ಟಿ ಸಿಕ್ಕಾಗ ಮೂತಿ ಅದ್ದಿ ಸುಮ್ಮನಾಗಿಬಿಡುವುದುಂಟು. ನಮ್ಮ ಬೆವರು ರಕ್ತಕ್ಕಿಂತ ತೆಳು: ನೀರು ಹೆಚ್ಚು ಹೋಗುತ್ತದೆ, ಉಪ್ಪು ಕಡಿಮೆ. ರಕ್ತದಲ್ಲಿ ಉಪ್ಪಿನ ಸಾಂದ್ರತೆ ಏರಿದ್ದನ್ನು ಮಿದುಳು ಗುರುತಿಸಿದಾಗ ಬಾಯಾರುತ್ತದೆ. ಕುದುರೆಯ ಬೆವರಿನಲ್ಲಾದರೋ ಉಪ್ಪು ರಕ್ತದಲ್ಲಿರುವಷ್ಟೇ ಇರುತ್ತದೆ, ಎಷ್ಟೋ ಸಲ ಹೆಚ್ಚೇ. ನೀರೂ ಉಪ್ಪೂ ಜೊತೆಜೊತೆಗೇ ಖಾಲಿಯಾದಾಗ ಸಾಂದ್ರತೆ ಏರುವುದಿಲ್ಲ, ಮಿದುಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಕುತ್ತಿಗೆಗೆ ಲಗಾಮು ಉಜ್ಜುವಲ್ಲಿ ಏಳುವ ಬಿಳಿ ನೊರೆ ಲ್ಯಾಥರಿನ್ ಎಂಬ ಪ್ರೋಟೀನಿನದು. ದಟ್ಟ ಕೂದಲಿನ ತುದಿಯವರೆಗೂ ಬೆವರು ಹಬ್ಬಿ ಬೇಗ ಆರಲು ಅದು ನೆರವಾಗುತ್ತದೆ.

ಆದ್ದರಿಂದ ದಿನಕ್ಕೆ 50–60 ಗ್ರಾಂ ಅಡುಗೆ ಉಪ್ಪನ್ನು ಎರಡು ಪಾಲು ಮಾಡಿ ನೆನೆಸಿದ ಮೇವಿಗೆ ಬೆರೆಸಿ ಕೊಡಬೇಕು. ಹತ್ತಿರ ನೀರಿಲ್ಲದಿದ್ದರೆ ಉಪ್ಪು ಬೇಡವೇ ಬೇಡ: ಅದು ಮೈಯ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ. ಮುಂಜಾನೆ ಹೊಟ್ಟೆತುಂಬ ಒಣಹುಲ್ಲು ತಿಂದ ಕುದುರೆಯ ದೊಡ್ಡ ಕರುಳಿನಲ್ಲಿ ನಾರು ಹಿಡಿದಿಟ್ಟ ನೀರು ದಾರಿಯುದ್ದಕ್ಕೂ ಒದಗುತ್ತದೆ. ಮೈ ಬಿಸಿಯಿದ್ದಾಗ ನೀರು ಕುಡಿಸಬಾರದು ಎಂಬ ಹಳೆಯ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಕುದುರೆ ಕುಡಿಯುತ್ತೇನೆಂದಾಗ ಕುಡಿಯಲಿ. ಕೊಳವೆಬಾವಿಯ ಸವುಳು ನೀರಿಗೆ ಮೊದಲು ಮುಖ ತಿರುಗಿಸಿದರೆ ಹತ್ತು ನಿಮಿಷ ನಿಂತು ಮತ್ತೆ ತೋರಿಸಿ.

ಮೈಯಲ್ಲಿ ನೀರು ಕಡಿಮೆಯಾಗಿದೆಯೇ ಎಂದು ತಿಳಿಯಲು ಕುದುರೆಯ ಒಸಡನ್ನು ಬೆರಳಿಂದ ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28–44. ನಿಂತು ಅರ್ಧ ಗಂಟೆಯಾದರೂ 60ರ ಕೆಳಗೆ ಇಳಿಯದಿದ್ದರೆ ಅಂದಿನ ಸವಾರಿ ಮುಗಿಯಿತು. ಪಕ್ಕೆಯ ಹಿಂದೆ ಕಿವಿಯಿಟ್ಟರೆ ಗುಡುಗುಡು ಸದ್ದು ಕೇಳಬೇಕು. ಸದ್ದಡಗಿದರೆ ಹೊಟ್ಟೆಶೂಲೆಯ ಭಯ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಪಶುವೈದ್ಯರು ಬರುವ ಹೊತ್ತಿಗೆ ತಡವಾಗಿರಬಹುದು.

ಸಂಜೆ ಜೀನು ಇಳಿಸಿದ ಕೂಡಲೇ, ಬೆನ್ನು ಒರೆಸುವ ಮೊದಲು, ಬೆವರಿನ ಗುರುತು ನೋಡಿ. ಬೆನ್ನೆಲ್ಲ ಒದ್ದೆಯಾಗಿ ಭುಜದ ಹಿಂದೆ ಅಂಗೈಯಷ್ಟು ಜಾಗ ಮಾತ್ರ ಒಣಗಿದ್ದರೆ, ಜೀನು ಅಲ್ಲೇ ಗಟ್ಟಿಯಾಗಿ ಒತ್ತಿ ಬೆವರುಗ್ರಂಥಿಗಳು ಕೆಲಸ ನಿಲ್ಲಿಸಿವೆ ಎಂದು ತಿಳಿಯಬೇಕು. ನಾಳೆ ಅಲ್ಲಿ ಊತ, ನಾಳಿದ್ದು ಹುಣ್ಣು. ಆ ಜಾಗಕ್ಕೇ ಇನ್ನೊಂದು ಮಡಿಕೆ ಕಂಬಳಿ ಹಾಕುವುದು ಎಲ್ಲರೂ ಮಾಡುವ ತಪ್ಪು, ಅದರಿಂದ ಒತ್ತಡ ಹೆಚ್ಚುತ್ತದೆ. ಮಡಿಕೆಯನ್ನು ಸುತ್ತಲೂ ಕೊಟ್ಟು ನಡುವೆ ಬಿಡುವು ಮಾಡಿ. ಊತ ಕಂಡಿದ್ದರೆ ಮರುದಿನ ಜೀನು ಹಾಕದೆ ಕೈಯಲ್ಲಿ ಹಿಡಿದೇ ನಡೆಸಿಕೊಂಡು ಹೋಗಿ.